ಹಳ್ಳದ ಮರಜರಿ ಗೇಟಿಗೆ ಬಂದಾಗ: ಒಂದು ಕಾಫಿ ತೋಟದ ಪ್ರಕರಣ

ಇದು ಸಹ್ಯಾದ್ರಿಯ ಒಂದು ಕಾಫಿ ತೋಟದ ಪ್ರಕರಣ. ತೋಟ ಯಾವುದು, ಯಾರದ್ದು ಅನ್ನೋದು ಇಲ್ಲಿ ಬೇಡ. ಮಾಲೀಕರು ಬರೆಯೋಕೆ ಒಪ್ಪಿದ್ದೇ ಆ ಷರತ್ತಿನ ಮೇಲೆ. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಗಿಡ, ನೀರು, ಮಣ್ಣಿನ ವಿಷಯ ಇದ್ದ ಹಾಗೇ ಇದೆ. ಇಂಥ ಹಳ್ಳ, ಇಂಥ ಮರಜರಿ (ಮರದ ಹಾಗೆ ಬೆಳೆಯುವ ಜರೀಗಿಡ) ಇರುವ ತೋಟಗಳು ಮಲೆನಾಡಿನಲ್ಲಿ ಬೇಕಾದಷ್ಟಿವೆ. ಹೋಂಸ್ಟೇಗಳೂ ಜಾಸ್ತಿಯಾಗುತ್ತಿವೆ. ಹಾಗಾಗಿ ಇನ್ನೊಬ್ಬರಿಗೆ ಉಪಯೋಗವಾಗಬಹುದು.

ತೋಟ ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಮೇಲ್ಗಡೆ ಮೀಸಲು ಅರಣ್ಯ. ಅಲ್ಲಿಂದ ಇಳಿಯುವ ಹಳ್ಳ ತೋಟದ ನಡುವೆ ಹಾದು ಕೆಳಗಿನ ಗದ್ದೆಗಳಿಗೆ ಹೋಗುತ್ತದೆ. ಹಳ್ಳದ ಎರಡೂ ದಂಡೆಯಲ್ಲಿ ಮರಜರಿ. ಜರೀಗಿಡ ಅಂದರೆ ಬಾವಿ ಕಲ್ಲಿನ ಸಂದಿಯಲ್ಲಿ ಬೆಳೆಯುವ ಪುಟ್ಟ ಗಿಡ ಅಂತ ಪಾಠದಲ್ಲಿ ಓದಿದವರು ಇದನ್ನು ನೋಡಿದರೆ ಮೊದಲು ತಾಳೆ ಜಾತಿಯದ್ದೇನೋ ಅಂದುಕೊಳ್ಳುತ್ತಾರೆ. ಆಳೆತ್ತರ ಮೀರಿದ ಕಾಂಡ. ಅದರ ಮೇಲೆ ಎಲೆ ಉದುರಿದ ಅಂಡಾಕಾರದ ಗುರುತುಗಳು. ನೆತ್ತಿಯಲ್ಲಿ ಎರಡು-ಮೂರು ಮೀಟರ್ ಉದ್ದದ ಎಲೆಗಳು, ನಡುವೆ ಕಂದು ಹುರುಪೆ ಹೊದ್ದ ಎಳೆ ಸುರುಳಿಗಳು. ಹೂವಿಲ್ಲ, ಕಾಯಿಲ್ಲ, ಬೀಜವಿಲ್ಲ.

ಮಾಲೀಕರ ಮಗ ಬೆಂಗಳೂರಿನ ಕೆಲಸ ಬಿಟ್ಟು ಬಂದು ಹೋಂಸ್ಟೇ ಶುರು ಮಾಡಿದ್ದ. ಬಂದ ಅತಿಥಿಗಳೆಲ್ಲ ಹಳ್ಳಕ್ಕೆ ಇಳಿದು ಈ ಮರಗಳ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಹಾಗಾದರೆ ಇವು ಗೇಟಿನ ಹತ್ತಿರವೇ ಇದ್ದರೆ ಚೆನ್ನಲ್ವಾ ಅನ್ನಿಸಿತು. ಒಬ್ಬ ನರ್ಸರಿಯವರನ್ನು ಕರೆಸಿದರು. ಅವರು ಫೋಟೋ ನೋಡಿ ಇಲ್ಲಿ ಮೂರು ಜಾತಿ ಇವೆ ಅಂದರು: ಜೈಗಾಂಟಿಯ, ನೀಲಗಿರೆನ್ಸಿಸ್, ಸ್ಪೈನುಲೋಸ. ಬೋರ್ಡ್ ಬರೆಸುವುದಕ್ಕೂ ಆರ್ಡರ್ ಹೋಯಿತು. "ಡೈನೋಸಾರ್ ಕಾಲದ ಮೂರು ಜಾತಿಯ ಮರಜರಿಗಳು."

ಜುಲೈ ಮಳೆಯಲ್ಲಿ ಸಾಗಿಸುವ ಕೆಲಸ ನಡೆಯಿತು. ದೊಡ್ಡವನ್ನು ಬುಡದಲ್ಲಿ ಗರಗಸದಿಂದ ಕೊಯ್ದು, ಕಾಂಡವನ್ನೇ ತಂದು ಗುಂಡಿಯಲ್ಲಿ ನಿಲ್ಲಿಸಿದರು. ಮಗ ಅದಕ್ಕೆ ವಿಡಿಯೋ ನೋಡಿಕೊಂಡಿದ್ದ. ಚಿಕ್ಕವನ್ನು ಮಣ್ಣು ಸಮೇತ ಕಿತ್ತು ತಂದರು. ಗೇಟಿನ ದಾರಿ ತುಂಬಿದ ಮೇಲೆ ಒಂದು ಚಿಕ್ಕ ಗಿಡ ಉಳಿಯಿತು. ಅದನ್ನು ಎಸೆಯೋಕೆ ಮನಸ್ಸಾಗದೆ ಮನೆ ಹಿಂದಿನ ನೀರಿನ ಟ್ಯಾಂಕಿನ ಬುಡದಲ್ಲಿ ಸುಮ್ನೆ ನೆಟ್ಟರು.

ಡಿಸೆಂಬರ್‌ವರೆಗೆ ಎಲ್ಲವೂ ಹಸಿರು. ಕೊಯ್ದು ತಂದ ಕಾಂಡಗಳೂ ಹೊಸ ಎಲೆ ಬಿಟ್ಟವು. ನರ್ಸರಿಯವರಿಗೆ ಉಳಿದ ಹಣವೂ ಪಾವತಿಯಾಯಿತು. ಜನವರಿ ಕೊನೆಗೆ ಎಲೆ ಜೋಲತೊಡಗಿತು. ಫೆಬ್ರವರಿಯಲ್ಲಿ ನೆತ್ತಿಯ ಸುರುಳಿಗಳು ಬಿಚ್ಚಿಕೊಳ್ಳದೆ ಅಲ್ಲೇ ಕಪ್ಪಾದವು. ಹಸಿರು ನೆರಳು ಪರದೆ ಕಟ್ಟಿದರು. ಪೈಪ್ ಹಿಡಿದು ದಿನಾ ಬುಡಕ್ಕೆ ನೀರು ಬಿಟ್ಟರು. ಸಗಣಿ ಸ್ಲರಿ ಹಾಕಿದರು. ಕೊಳೆರೋಗ ಇರಬೇಕು ಅಂತ ಯಾರೋ ಹೇಳಿದ್ದಕ್ಕೆ ಬೋರ್ಡೋ ದ್ರಾವಣವನ್ನೂ ಹೊಡೆದರು. ತೋಟದಲ್ಲಿ ಯಾವ ಗಿಡಕ್ಕೆ ಏನಾದರೂ ಬೋರ್ಡೋ ಹೊಡೆಯುವುದು ನಮ್ಮ ಕಡೆಯ ಅಭ್ಯಾಸ ಬಿಡಿ. ಯಾವುದೂ ನಾಟಲಿಲ್ಲ. ನನಗೆ ಫೋನ್ ಬಂದಿದ್ದು ಆಗ. ಜರೀಗಿಡಗಳನ್ನು ಹವ್ಯಾಸಕ್ಕೆ ನೋಡಿಕೊಂಡು ಬಂದವನು ನಾನು, ಜೊತೆಗೆ ಸಸ್ಯಶಾಸ್ತ್ರ ಕಲಿಸುವ ಗೆಳೆಯರೊಬ್ಬರು ಬಂದರು.

ಮಾಲೀಕರು ಕೇಳಿದ್ದು ಎರಡೇ ಪ್ರಶ್ನೆ. ಯಾವ ರೋಗ? ಏನು ಹೊಡೆಯಬೇಕು?

ಕಿತ್ತು ನೋಡಿದಾಗ

ಸತ್ತ ಒಂದು ಕಾಂಡವನ್ನು ಕಿತ್ತು ಉದ್ದಕ್ಕೆ ಸೀಳಿಸಿದೆವು. ಹೊರಗೆ ಕಪ್ಪು ಬೇರುಗಳ ದಪ್ಪ ಹೊದಿಕೆ. ಒಳಗೆ ಗಟ್ಟಿ ಕಪ್ಪು ಪಟ್ಟಿಗಳು. ನಟ್ಟನಡುವೆ ಇದ್ದ ಮೆತ್ತನೆಯ ತಿರುಳು ಕೊಳೆತು ನೀರಾಗಿತ್ತು. ಬುಡದಿಂದ ಹೊಸ ಬೇರು ಒಂದೂ ಹೊರಟಿರಲಿಲ್ಲ. ಅಂದರೆ ಜುಲೈನಿಂದ ಡಿಸೆಂಬರ್‌ವರೆಗೆ ಎಲೆ ಬಿಟ್ಟಿದ್ದೆಲ್ಲ ತಿರುಳಿನಲ್ಲಿ ಕೂಡಿಟ್ಟಿದ್ದ ಪಿಷ್ಟ ಮತ್ತು ನೀರಿನಿಂದ. ಕೆಳಗಿನಿಂದ ಏನೂ ಬರುತ್ತಿರಲಿಲ್ಲ. ಮಳೆಗಾಲದಲ್ಲಿ ಗಾಳಿಯೇ ಒದ್ದೆಯಾಗಿರುತ್ತದೆ, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ.

ಮರಜರಿ ನೋಡೋಕೆ ಮರ, ಒಳಗೆ ಮರದ ಕಟ್ಟಿಗೆ ಇಲ್ಲ. ವರ್ಷವರ್ಷ ದಪ್ಪವಾಗುವ ಪದರವೂ ಇಲ್ಲ, ಉಂಗುರಗಳೂ ಇಲ್ಲ. ಕಾಂಡ ದಪ್ಪ ಕಾಣುವುದು ಹೊರಗಿನ ಬೇರಿನ ಹೊದಿಕೆಯಿಂದ. ಆಳಕ್ಕೆ ಇಳಿಯುವ ತಾಯಿಬೇರು ಇಲ್ಲ. ಮೇಲ್ಮಣ್ಣಿನ ತೇವವನ್ನೇ ನಂಬಿ ಬದುಕುವ ಗಿಡ ಇದು. ಬೆಳೆಯುವ ತುದಿ ಸಾಮಾನ್ಯವಾಗಿ ನೆತ್ತಿಯಲ್ಲಿ ಒಂದೇ. ಅದು ಒಣಗಿದರೆ ಪಕ್ಕದಿಂದ ಚಿಗುರುತ್ತದೆ ಅಂತ ಕಾಯುವುದು ವ್ಯರ್ಥ.

ಹಾಗಾದರೆ ಆ ವಿಡಿಯೋದಲ್ಲಿ ಬದುಕಿದ್ದು ಹೇಗೆ? ಮಗನ ಮೊಬೈಲಿನಲ್ಲಿ ಅದನ್ನೇ ಹಾಕಿಸಿ ನೋಡಿದೆವು. ಅದು ಡಿಕ್ಸೋನಿಯ ಅಂಟಾರ್ಕ್ಟಿಕ. ಆಗ್ನೇಯ ಆಸ್ಟ್ರೇಲಿಯ, ಟಾಸ್ಮೇನಿಯಗಳ ತಂಪು ಕಾಡಿನದ್ದು. ಅದರ ಕಾಂಡವನ್ನು ಕೊಯ್ದು ಮಾರುತ್ತಾರೆ, ನೆಟ್ಟರೆ ಮತ್ತೆ ಬೇರು ಬಿಡುತ್ತದೆ, ನಿಜ. ಆದರೆ ಅದರ ಕುಟುಂಬವೇ ಬೇರೆ. ನಮ್ಮ ಹಳ್ಳದಲ್ಲಿರುವುದು ಸಯಾಥಿಯೇಸಿ ಕುಟುಂಬದ್ದು. ಇದರಲ್ಲಿ ಬುಡ ಕೊಯ್ದ ಕಾಂಡ ಬೇರೂರುತ್ತದೆ ಅಂತ ನಂಬಿ ಕೂರೋಕೆ ಆಗಲ್ಲ. ಎರಡಕ್ಕೂ ಇಂಗ್ಲಿಷ್‌ನಲ್ಲಿ ಟ್ರೀ ಫರ್ನ್ ಅಂತಲೇ ಹೆಸರು. ಹುಡುಕಿದರೆ ಸಿಗುವ ವಿಡಿಯೋಗಳಲ್ಲಿ ಹೆಚ್ಚಿನವು ಆ ತಂಪು ದೇಶಗಳ ತೋಟಗಾರರವು. ನಮ್ಮ ಬೇಸಿಗೆ ಅವರಿಗೆ ಗೊತ್ತಿಲ್ಲ.

ಮಣ್ಣು ಸಮೇತ ತಂದ ಚಿಕ್ಕವೂ ಗೇಟಿನಲ್ಲಿ ಸತ್ತಿದ್ದವು. ಅದಕ್ಕೆ ಕಾರಣ ಕಣ್ಣೆದುರೇ ಇತ್ತು. ಗೇಟು ಇರುವುದು ದಿಬ್ಬದ ಮೇಲೆ. ಬೆಟ್ಟ ಕಾಣಲಿ ಅಂತ ಸಿಲ್ವರ್ ಓಕ್ ಕೊಂಬೆಗಳನ್ನೆಲ್ಲ ಸವರಿದ್ದರು. ಮಧ್ಯಾಹ್ನದ ಬಿಸಿಲು, ಚಳಿಗಾಲದ ಒಣಗಾಳಿ ಎರಡೂ ನೇರ ಹೊಡೆಯುತ್ತಿದ್ದವು. ಬುಡಕ್ಕೆ ಎಷ್ಟು ನೀರು ಬಿಟ್ಟರೂ ಅಷ್ಟಗಲದ ಎಲೆ ಕಳೆದುಕೊಳ್ಳುವ ನೀರನ್ನು ತುಂಬಿಕೊಡೋಕೆ ಆಗುತ್ತಿರಲಿಲ್ಲ. ಟ್ಯಾಂಕಿನ ಬುಡದಲ್ಲಿ ಸುಮ್ನೆ ನೆಟ್ಟಿದ್ದ ಆ ಒಂದು ಗಿಡ ಮಾತ್ರ ಏನೂ ಆಗದವರ ಹಾಗೆ ನಿಂತಿತ್ತು. ಟ್ಯಾಂಕು ಜಿನುಗುತ್ತಿತ್ತು. ಪಕ್ಕದಲ್ಲಿ ಹಲಸಿನ ಮರದ ನೆರಳು.

ರೋಗ ಯಾವುದೂ ಇಲ್ಲ, ಹೊಡೆಯೋಕೂ ಏನಿಲ್ಲ ಅಂದಾಗ ಮಾಲೀಕರ ಮುಖ ಸಪ್ಪಗಾಯಿತು. ಔಷಧಿ ಇದ್ದಿದ್ದರೆ ಸುಲಭವಿತ್ತು.

ಸತ್ತ ಕಾಂಡಗಳನ್ನು ನರ್ಸರಿಯವರು ಬಂದು ಕೇಳಿದರು, ಆರ್ಕಿಡ್ ಕಟ್ಟೋಕೆ. ಆ ಬೇರಿನ ಹೊದಿಕೆ ನೀರು ಹಿಡಿದಿಡುತ್ತದೆ, ಬೇಗ ಕೊಳೆಯುವುದಿಲ್ಲ, ಹಾಗಾಗಿ ಆರ್ಕಿಡ್ ಬೆಳೆಯುವವರಿಗೆ ಇಷ್ಟ. ಸಯಾಥಿಯ ಗುಂಪು ಸೈಟಿಸ್ ಅನ್ನುವ, ಕಾಡು ಗಿಡ-ಪ್ರಾಣಿಗಳ ವ್ಯಾಪಾರಕ್ಕೆ ಮಿತಿ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ದೇಶದಿಂದ ದೇಶಕ್ಕೆ ಸಾಗಿಸಬೇಕಾದರೆ ಪರವಾನಗಿ ಬೇಕು. ಗೇಟಿಗೆ ಬೇಕಾದರೆ ಮೇಲಿನ ಕಾಡಿನಿಂದ ಬೇರೆ ತಂದುಕೊಡುತ್ತೇನೆ ಅಂತಲೂ ಅವರು ಹೇಳಿದರಂತೆ. ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಗಿಡ ಕೀಳುವುದು ಅಪರಾಧ. ಮಾಲೀಕರು ಇದಕ್ಕೆ ಒಂದೇ ಮಾತಿನಲ್ಲಿ ಬೇಡ ಅಂದರು. ಈ ಪ್ರಕರಣದಲ್ಲಿ ಯಾರೂ ಚರ್ಚೆ ಮಾಡದೆ ತೆಗೆದುಕೊಂಡ ನಿರ್ಧಾರ ಇದೊಂದೇ.

ಮೂರು ಜಾತಿ ಒಂದಾಯಿತು

ಬೋರ್ಡು ಇನ್ನೂ ಬಂದಿರಲಿಲ್ಲ. ಅದಕ್ಕೆ ಮೊದಲು ಹೆಸರುಗಳನ್ನು ನೋಡಿಬಿಡೋಣ ಅಂತ ಹಳ್ಳಕ್ಕೆ ಇಳಿದೆವು.

ನೀಲಗಿರೆನ್ಸಿಸ್ ಅಂದಿದ್ದು ದಟ್ಟ ನೆರಳಿನಲ್ಲಿದ್ದ ಗಿಡಗಳನ್ನು. ಎಲೆ ತೆಳು, ಅಗಲ, ಕಡು ಹಸಿರು, ದಳಗಳ ನಡುವೆ ಅಂತರ ಜಾಸ್ತಿ. ಬಿಸಿಲು ಬೀಳುವ ಕಡೆಯವು ದಪ್ಪ, ಸ್ವಲ್ಪ ಹಳದಿ, ಅಂಚು ಮಡಚಿಕೊಂಡಿದ್ದವು. ಮೇಲ್ನೋಟಕ್ಕೆ ಬೇರೆ ಬೇರೆ ಗಿಡ ಅನ್ನಿಸುತ್ತದೆ. ಆದರೆ ನೆರಳು ಮುಗಿದು ಬಿಸಿಲು ಶುರುವಾಗುವ ಜಾಗದಲ್ಲಿ ಒಂದೇ ಮರದಲ್ಲಿ ಎರಡೂ ತರದ ಎಲೆ ಇದ್ದವು. ಸ್ಪೈನುಲೋಸ ಅಂದಿದ್ದು ಎಲೆತೊಟ್ಟಿನ ಬುಡ ಒರಟಾಗಿದ್ದ ಮರಗಳನ್ನು. ಸ್ಪೈನುಲೋಸದ ತೊಟ್ಟಿನಲ್ಲಿ ನಿಜವಾದ ಮುಳ್ಳು ಇರುತ್ತದೆ, ಕೈಗೆ ಚುಚ್ಚುತ್ತದೆ. ಇಲ್ಲಿದ್ದಿದ್ದು ಸಣ್ಣ ಗಂಟುಗಳು, ಸವರಿದರೆ ಒರಟು ಅಷ್ಟೇ.

ಕೊನೆಗೆ ಎಲೆ ತಿರುಗಿಸಿ ಭೂತಗನ್ನಡಿ ಹಿಡಿದೆವು. ಪ್ರತಿ ಕಿರುದಳದ ಹಿಂದೆ ನಡುನರದ ಎರಡೂ ಕಡೆ ಬೀಜಕಗಳ (ಬೀಜದ ಬದಲು ಜರಿ ಉದುರಿಸುವ ಪುಡಿ) ಸಣ್ಣ ಉಂಡೆಗಳು, ವಿ ಆಕಾರದ ಸಾಲಿನಲ್ಲಿ. ಸ್ಪೈನುಲೋಸದಲ್ಲಿ ಎಳೆಯ ಉಂಡೆಯನ್ನು ಪೂರ್ತಿ ಮುಚ್ಚುವ ತೆಳು ಪೊರೆ ಇರುತ್ತದೆ. ಇಲ್ಲಿ ಹಸಿರಾಗಿದ್ದ ಎಳೆಯ ಉಂಡೆಗಳನ್ನೂ ನೋಡಿದೆವು, ಪೊರೆಯ ಸುಳಿವೇ ಇಲ್ಲ. ತೊಟ್ಟು ಹೊಳೆಯುವ ಕಪ್ಪು. ಹಳ್ಳದ ಕೆಳಗಿನಿಂದ ಮೇಲಿನವರೆಗೆ ಹುಡುಕಿದರೂ ಎಲ್ಲವೂ ಒಂದೇ, ಆಲ್ಸೋಫಿಲ ಜೈಗಾಂಟಿಯ. ಹಳೆಯ ಪುಸ್ತಕಗಳಲ್ಲಿ ಇದನ್ನೇ ಸಯಾಥಿಯ ಜೈಗಾಂಟಿಯ ಅಂತ ಬರೆದಿರುತ್ತಾರೆ, ಗೊಂದಲ ಬೇಡ.

ಮಗನಿಗೆ ಬೇಜಾರಾಯಿತು. ಇಷ್ಟು ಮಳೆ ಬೀಳುವ ಕಾಡಿನಲ್ಲಿ ಒಂದೇ ಜಾತಿಯಾ ಅಂತ ಕೇಳಿದ. ಒಳ್ಳೆಯ ಪ್ರಶ್ನೆ.

ಪ್ರಪಂಚದಲ್ಲಿ ಸಯಾಥಿಯೇಸಿ ಕುಟುಂಬದ್ದೇ 600ಕ್ಕೂ ಹೆಚ್ಚು ಜಾತಿಗಳಿವೆ. ಆದರೆ ಅವು ಎಲ್ಲ ಕಡೆ ಸಮನಾಗಿ ಹಂಚಿಕೊಂಡಿಲ್ಲ. ಆಂಡೀಸ್ ಬೆಟ್ಟಗಳು, ಮಧ್ಯ ಅಮೆರಿಕ, ನ್ಯೂಗಿನಿ, ಆಗ್ನೇಯ ಏಷ್ಯಾದ ದ್ವೀಪಗಳು, ಮಡಗಾಸ್ಕರ್, ಇಲ್ಲೆಲ್ಲ ಒಂದೊಂದು ಬೆಟ್ಟಸಾಲಿನಲ್ಲೇ ಹತ್ತಾರು ಜಾತಿ ಸಿಗುತ್ತವೆ. ಅದರಲ್ಲೂ ಬೆಟ್ಟದ ಬುಡದಲ್ಲಲ್ಲ, ತುದಿಯಲ್ಲೂ ಅಲ್ಲ, ನಡುವಿನ ಎತ್ತರದಲ್ಲಿ, ಮೋಡ ಬಂದು ಕಾಡಿನ ಮೇಲೆ ಕೂರುವ ಪಟ್ಟಿಯಲ್ಲಿ. ಕೆಳಗೆ ಬಿಸಿ ಜಾಸ್ತಿ. ಮೇಲೆ ಚಳಿ, ಗಾಳಿ ಜಾಸ್ತಿ. ಭಾರತದಲ್ಲಿ ಜಾತಿ ಜಾಸ್ತಿ ಇರುವುದು ಈಶಾನ್ಯದಲ್ಲಿ. ಪಶ್ಚಿಮಘಟ್ಟದ್ದನ್ನು ಒಂದೇ ಕೈಯ ಬೆರಳಲ್ಲಿ ಎಣಿಸಬಹುದು. ಅದರಲ್ಲಿ ಜೈಗಾಂಟಿಯ ಎಲ್ಲರಿಗಿಂತ ಗಟ್ಟಿ, ಸ್ವಲ್ಪ ತೆರೆದ ಜಾಗಕ್ಕೂ ಹೊಂದಿಕೊಳ್ಳುತ್ತದೆ, ಹಾಗಾಗಿ ಹೆಚ್ಚು ಕಡೆ ಕಾಣುತ್ತದೆ. ತೊಟ್ಟಿನ ತುಂಬ ತಿಳಿ ಬಣ್ಣದ ಹುರುಪೆ ಇರುವ ಕ್ರಿನಿಟ ಅನ್ನುವ ಜಾತಿ ಬೇಕಾದರೆ ನೀಲಗಿರಿ, ಪಳನಿಯಂಥ ಎತ್ತರದ ಶೋಲಾ ಕಾಡುಗಳಿಗೆ ಹೋಗಬೇಕು.

ಕಾರಣ ಮಳೆ ಕಡಿಮೆ ಅಂತ ಅಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ. ಆದರೆ ಅದರಲ್ಲಿ ಬಹುಪಾಲು ಬೀಳುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಹೆಚ್ಚುಕಡಿಮೆ ಏನೂ ಇಲ್ಲ. ಘಟ್ಟದಲ್ಲಿ ದಕ್ಷಿಣಕ್ಕೆ ಹೋದಷ್ಟೂ ಈ ಒಣ ತಿಂಗಳುಗಳು ಕಡಿಮೆಯಾಗುತ್ತವೆ. ಕೇರಳದ ತುದಿಯಲ್ಲಿ ಈಶಾನ್ಯ ಮಾರುತದ ಮಳೆಯೂ ಸೇರುತ್ತದೆ. ಉತ್ತರಕ್ಕೆ ಬಂದಷ್ಟೂ ಆರು ತಿಂಗಳು ಮೀರಿ ಒಣಗುತ್ತದೆ. ಮರಜರಿ ಕೇಳುವುದು ಎಷ್ಟು ಮಳೆ ಬಿತ್ತು ಅನ್ನೋದನ್ನಲ್ಲ, ಎಷ್ಟು ವಾರ ಬೀಳದೇ ಇತ್ತು ಅನ್ನೋದನ್ನ. ನಮ್ಮ ಕಡೆ ಅದು ಹಳ್ಳದ ಪಕ್ಕ ಬಿಟ್ಟು ಮೇಲೆ ಬರದಿರುವುದಕ್ಕೂ ಇದೇ ಕಾರಣ. ಗೇಟಿನಲ್ಲಿ ಸತ್ತಿದ್ದಕ್ಕೂ ಇದೇ.

ಮರಿಗಳು ಎಲ್ಲಿ?

ಹಳ್ಳದಲ್ಲಿ ಓಡಾಡುವಾಗ ಗೆಳೆಯರು ಇನ್ನೊಂದನ್ನು ಗಮನಿಸಿದರು. ದೊಡ್ಡ ಮರಗಳಿವೆ, ಮೊಣಕಾಲೆತ್ತರದ್ದು ಕೆಲವಿವೆ, ಅದಕ್ಕಿಂತ ಚಿಕ್ಕದು ಒಂದೂ ಇಲ್ಲ. ಬೀಜಕವಂತೂ ಎಲೆ ಅಲುಗಾಡಿಸಿದರೆ ಕಂದು ಪುಡಿಯಾಗಿ ಉದುರುತ್ತಿತ್ತು. ಧೂಳಿನಷ್ಟು ಹಗುರ, ಗಾಳಿಯಲ್ಲಿ ಎಷ್ಟು ದೂರ ಬೇಕಾದರೂ ಹೋಗುತ್ತದೆ. ಹಾಗಿದ್ದೂ ಮರಿ ಯಾಕಿಲ್ಲ?

ಉತ್ತರ ಸಿಕ್ಕಿದ್ದು ತೋಟದಲ್ಲಿ ತುಂಬ ವರ್ಷದಿಂದ ಕೆಲಸ ಮಾಡುವ ಒಬ್ಬ ಹೆಣ್ಣಾಳಿನಿಂದ. ನಾವು ಬಗ್ಗಿ ಬಗ್ಗಿ ತರಗೆಲೆ ಸರಿಸುವುದನ್ನು ಸ್ವಲ್ಪ ಹೊತ್ತು ನೋಡಿ, "ಅಲ್ಲಿ ಎಲ್ಲಿ ಹುಡುಕ್ತೀರಿ ಸಾರ್, ಅದರ ಮರಿ ಬರೋದು ರಸ್ತೆ ಧರೇಲಿ. ವರ್ಷ ವರ್ಷ ನಾವೇ ಹೆರೆದು ಹಾಕ್ತೀವಲ್ಲ" ಅಂದರು. ಪಕ್ಕದಲ್ಲೇ ಇದ್ದ ರೈಟರ್‌ಗೆ (ತೋಟದ ಕೆಲಸ ನೋಡಿಕೊಳ್ಳುವವರು) ಮುಜುಗರವಾಯಿತು, ಧರೆ ಹೆರೆಸುವುದು ಅವರ ಕೆಲಸ.

ಹೋಗಿ ನೋಡಿದೆವು. ತೋಟದೊಳಗಿನ ಜೀಪ್ ರಸ್ತೆಗೆ ಗುಡ್ಡ ಕಡಿದ ಧರೆ. ಉತ್ತರಕ್ಕೆ ಮುಖ, ಬಿಸಿಲು ಕಡಿಮೆ, ಮೇಲಿನಿಂದ ಸದಾ ಜಿನುಗು. ಆ ವರ್ಷ ಹೆರೆಯುವಾಗ ಬಿಟ್ಟುಹೋದ ಒಂದು ಮೂಲೆಯಲ್ಲಿ ಪಾಚಿಯ ನಡುವೆ ಉಗುರಿಗಿಂತ ಚಿಕ್ಕ, ಹೃದಯದಾಕಾರದ ಹಸಿರು ಪೊರೆಗಳು ಮಣ್ಣಿಗೆ ಅಂಟಿಕೊಂಡಿದ್ದವು. ಅವುಗಳಲ್ಲಿ ಕೆಲವಕ್ಕೆ ಒಂದೊಂದು ಪುಟ್ಟ ಎಲೆ ಹೊರಟಿತ್ತು. ಆ ಪೊರೆಗಳಿಂದ ಮಾತ್ರ ಇದು ಯಾವ ಜರಿ ಅಂತ ಹೇಳೋಕೆ ಆಗಲ್ಲ, ಹೆಚ್ಚಿನ ಜರಿಗಳದ್ದೂ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಆದರೆ ಪಕ್ಕದಲ್ಲೇ ಗೇಣುದ್ದದ ಮರಿಗಳೂ ಇದ್ದವು, ತೊಟ್ಟಿನ ಬುಡದಲ್ಲಿ ಆಗಲೇ ಕಪ್ಪು ಇಳಿದಿತ್ತು.

ಬೀಜಕ ನೇರವಾಗಿ ಮರಜರಿಯಾಗುವುದಿಲ್ಲ. ಮೊದಲು ಈ ಪೊರೆ ಬೆಳೆಯಬೇಕು. ಅದರ ಮೇಲೆ ನೀರಿನ ತೆಳು ಪದರ ಇದ್ದರೆ ಮಾತ್ರ ಗಂಡು ಕಣ ಈಜಿ ಹೆಣ್ಣಿನ ಹತ್ತಿರ ಹೋಗುತ್ತದೆ. ಆಮೇಲೆ ಗಿಡ. ಒಂದು ತರಗೆಲೆ ಮೇಲೆ ಬಿದ್ದರೂ ಪೊರೆ ಮುಚ್ಚಿಹೋಗುತ್ತದೆ. ಅದಕ್ಕೇ ಕಾಡಿನ ನೆಲದಲ್ಲಿ ಮರಿ ಇಲ್ಲ. ಬರಿಮಣ್ಣು ಬೇಕು, ಒದ್ದೆ ಇರಬೇಕು, ಬಿಸಿಲು ಸುಡಬಾರದು. ಕಾಡಿನಲ್ಲಿ ಇಂಥ ಜಾಗ ಸಿಗುವುದು ಗುಡ್ಡ ಜರಿದಲ್ಲಿ, ಮರ ಬುಡಸಮೇತ ಬಿದ್ದಲ್ಲಿ, ಹಳ್ಳ ದಂಡೆ ಕೊರೆದಲ್ಲಿ. ಘಟ್ಟದ ರಸ್ತೆಗಳ ಧರೆಯಲ್ಲಿ ಸಾಲಾಗಿ ಮರಜರಿ ಕಾಣುವುದೂ ಇದರಿಂದಲೇ. ಅದನ್ನು ನೋಡಿ ಕಾಡಿನ ಒಳಗೆ ಇನ್ನೆಷ್ಟಿರಬೇಕು ಅಂತ ಲೆಕ್ಕ ಹಾಕುವವರಿದ್ದಾರೆ, ಒಳಗೆ ಹೋದರೆ ಹಳ್ಳ ಸಿಗುವವರೆಗೆ ಒಂದೂ ಸಿಗದೇ ಇರಬಹುದು.

ನೀರಿನ ಜಗಳ

ಧರೆ ವಿಷಯ ಸುಲಭವಾಗಿ ಬಗೆಹರಿಯಿತು. ಹಳ್ಳದ ಹತ್ತಿರದ ಒಂದು ತುಂಡನ್ನು ಹೆರೆಯುವುದು ಬೇಡ, ವೀಡ್ ಕಟರ್ ಕೂಡ ಬೇಡ ಅಂತ ತೀರ್ಮಾನವಾಯಿತು. ರೈಟರ್ ಎರಡು ತುದಿಗೂ ಬಿಳಿ ಸುಣ್ಣದ ಕಲ್ಲು ಇಟ್ಟರು.

ಕಷ್ಟವಾಗಿದ್ದು ನೀರಿನ ಮಾತು. ಹಳ್ಳದ ಕೆಳಭಾಗದ ದೊಡ್ಡ ಮರಗಳಲ್ಲಿ ಕೆಲವಕ್ಕೆ ಎಲೆ ಕಡಿಮೆಯಾಗಿತ್ತು, ಒಣ ಎಲೆಯೇ ಜಾಸ್ತಿ ಜೋತುಬಿದ್ದಿತ್ತು. ಅವನ್ನು ಯಾರೂ ಕಿತ್ತಿರಲಿಲ್ಲ, ಸಾಗಿಸಿರಲಿಲ್ಲ. ಮೇಲ್ಭಾಗದವು ಚೆನ್ನಾಗಿದ್ದವು. ನಡುವೆ ಏನಿತ್ತು? ಮರಳು ಮೂಟೆ ಹಾಕಿದ ಕಟ್ಟ, ಅದರಲ್ಲಿ ಮೋಟಾರ್. ಫೆಬ್ರವರಿ, ಮಾರ್ಚ್‌ನಲ್ಲಿ ರೋಬಸ್ಟಾ ಕಾಫಿಯ ಹೂವಿಗೆ ಸ್ಪ್ರಿಂಕ್ಲರ್ ಹೊಡೆಯಬೇಕು. ಮಳೆ ಬರದಿದ್ದರೆ ಮತ್ತೊಂದು ಸಲ. ಆಗ ಕಟ್ಟದಿಂದ ಕೆಳಗೆ ಹಳ್ಳ ಪೂರ್ತಿ ಒಣಗುತ್ತದೆ, ಅದೂ ವರ್ಷದಲ್ಲಿ ಅತಿ ಒಣ ಇರುವ ವಾರಗಳಲ್ಲೇ.

"ಮಾರಾಯ್ರೇ, ಹೂವಿಗೆ ನೀರು ಕೊಡದೆ ಜರೀಗಿಡಕ್ಕೆ ಬಿಡೋಕಾಗುತ್ತಾ?" ಅಂದರು ಮಾಲೀಕರು. ಅವರ ಮಾತು ತಪ್ಪು ಅಂತ ನನಗೆ ಅನ್ನಿಸಲಿಲ್ಲ. ಸರಿಯಾದ ಹೊತ್ತಿಗೆ ನೀರು ಸಿಗದಿದ್ದರೆ ರೋಬಸ್ಟಾ ಫಸಲು ಕೈಕೊಡುತ್ತದೆ. ಅವರ ವರ್ಷದ ಆದಾಯ ಅದರ ಮೇಲಿದೆ. ಮರಜರಿ ಉಳಿಸಿ ಅಂತ ಬೆಂಗಳೂರಿನಲ್ಲಿ ಕೂತು ಹೇಳುವುದು ಸುಲಭ.

ದಾರಿ ಹುಡುಕಿದ್ದು ಮಗ. ಹಳ್ಳಕ್ಕೆ ಬದಲು ಕೃಷಿ ಹೊಂಡ ತೋಡಿ ನವೆಂಬರ್, ಡಿಸೆಂಬರ್‌ನಲ್ಲಿ ಹರಿವು ಚೆನ್ನಾಗಿರುವಾಗಲೇ ತುಂಬಿಸಿಕೊಂಡರೆ ಹೂವಿನ ಹೊತ್ತಿಗೆ ಹಳ್ಳವನ್ನು ಮುಟ್ಟುವುದೇ ಬೇಡ ಅಂದ. ಅಪ್ಪನಿಗೆ ಖರ್ಚಿನ ಚಿಂತೆ. ಗೇಟಿನ ಅಂದಕ್ಕೆ ಸುರಿದ ಹಣ ನೆನಪಿಸಿದ ಮೇಲೆ ಆ ಚಿಂತೆ ಸ್ವಲ್ಪ ಕಡಿಮೆಯಾಯಿತು ಅಂತ ಕೇಳಿದೆ. ಮೊದಲ ವರ್ಷ ಹೊಂಡ ಅರ್ಧಕ್ಕೇ ಮುಗಿಯಿತು, ಕೊನೆಯ ಸುತ್ತಿಗೆ ಮತ್ತೆ ಹಳ್ಳದಿಂದಲೇ ಎಳೆದರು. ಆದರೆ ಕಟ್ಟವನ್ನು ಮರಜರಿಗಳು ಮುಗಿಯುವ ತಿರುವಿನಿಂದ ಕೆಳಕ್ಕೆ ಇಳಿಸಿಕೊಂಡಿದ್ದರು. ಪೈಪ್ ಉದ್ದ ಬೇಕಾಯಿತು, ಅಷ್ಟೇ.

ಮಾರನೇ ಬೇಸಿಗೆಗೆ ಹೋದಾಗ ಕೆಳಭಾಗದ ಮರಗಳಲ್ಲಿ ಒಂದೆರಡು ಸತ್ತಿದ್ದವು, ಉಳಿದವು ಸುರುಳಿ ಬಿಚ್ಚುತ್ತಿದ್ದವು. ಬಿಟ್ಟ ಧರೆಯಲ್ಲಿ ಮೇಲಿನ ತುಂಡು ಮಳೆಗೆ ಜರಿದು ರಸ್ತೆಗೆ ಬಿದ್ದಿತ್ತು, ಅದರ ಜೊತೆ ಮರಿಗಳೂ ಹೋಗಿದ್ದವು. ಅದಕ್ಕೆ ರೈಟರ್, ನೋಡಿ ಹೆರೆಯದಿದ್ದರೆ ಹೀಗೇ ಆಗೋದು ಅಂತ ವಾದ ಮಾಡಿದರು. ಹೆರೆದ ಕಡೆಯೂ ಜರಿದಿತ್ತು, ಅದನ್ನು ತೋರಿಸಿದ ಮೇಲೆ ಸುಮ್ಮನಾದರು. ಕೆಳಗಿನ ತುಂಡಿನ ಮರಿಗಳು ಚೆನ್ನಾಗಿವೆ. ಮೊಣಕಾಲೆತ್ತರಕ್ಕೆ ಬರೋಕೆ ಇನ್ನೂ ವರ್ಷಗಳು ಬೇಕು.

ಬೋರ್ಡು ಈಗ ಹಳ್ಳದ ದಾರಿಯಲ್ಲಿದೆ, ಗೇಟಿನಲ್ಲಿ ಅಲ್ಲ. ಒಂದೇ ಹೆಸರು. ಡೈನೋಸಾರ್ ಮಾತು ಉಳಿದಿದೆ, ಆದರೆ ಈ ಗಿಡಗಳ ವಂಶ ಆ ಕಾಲದ್ದು ಅಂತ ತಿದ್ದಿದ್ದಾರೆ. ಅತಿಥಿಗಳು ಇಳಿದು ಹೋಗಿ ನೋಡಿ ಬರುತ್ತಾರೆ, ಬೇಸಿಗೆಯಲ್ಲೂ. ಗೇಟಿನಲ್ಲಿ ಬಗನಿ ಸಸಿ ನೆಟ್ಟಿದ್ದಾರೆ, ಅದಕ್ಕೆ ಆ ಬಿಸಿಲು ಲೆಕ್ಕಕ್ಕಿಲ್ಲ.

ನಿಮ್ಮ ತೋಟದ ಮರಜರಿ ಯಾವುದು ಅಂತ ಯಾರಿಗಾದರೂ ಫೋಟೋ ಕಳಿಸುವುದಿದ್ದರೆ ಇಡೀ ಮರದ ಒಂದೇ ಚಿತ್ರ ಸಾಲದು. ಎಲೆತೊಟ್ಟು ಕಾಂಡಕ್ಕೆ ಸೇರುವ ಜಾಗವನ್ನು ಹುರುಪೆ ಕಾಣುವ ಹಾಗೆ ತೆಗೆಯಿರಿ. ಎಲೆಯ ಹಿಂಬದಿಯನ್ನು ಹತ್ತಿರದಿಂದ, ಉಂಡೆಗಳು ಇನ್ನೂ ಹಸಿರಿರುವಾಗ ತೆಗೆಯಿರಿ. ಕಂದಾಗಿ ಉದುರಿದ ಮೇಲೆ ಉಂಡೆ ಮುಚ್ಚುವ ಪೊರೆ ಇತ್ತೋ ಇಲ್ಲವೋ ಹೇಳೋದು ಕಷ್ಟ. ಬಿಸಿಲಿನದ್ದೊಂದು, ನೆರಳಿನದ್ದೊಂದು ಎಲೆ ಇರಲಿ. ಏನನ್ನೂ ಕೀಳಬೇಕಾಗಿಲ್ಲ, ಕೊಯ್ಯಬೇಕಾಗಿಲ್ಲ.

ಒಂದು ವಿಷಯ ಬಗೆಹರಿದಿಲ್ಲ. ಇವರ ತೋಟಕ್ಕೂ ಕಾಡಿಗೂ ನಡುವೆ ಒಂದು ಮೂಲೆಯಲ್ಲಿ ಇನ್ನೊಬ್ಬರ ತೋಟವಿದೆ, ಅವರೂ ಅದೇ ಹಳ್ಳಕ್ಕೆ ಮೋಟಾರ್ ಇಟ್ಟಿದ್ದಾರೆ. ಇವರು ನೀರು ಬಿಟ್ಟ ವರ್ಷ ಅವರು ಇನ್ನೊಂದು ಮೋಟಾರ್ ತಂದರು. ಮಾಲೀಕರು ಎರಡು ಸಲ ಮಾತಾಡಿದ್ದಾರೆ, ಮೂರನೆಯದಕ್ಕೆ ನಮ್ಮನ್ನೂ ಬನ್ನಿ ಅಂತ ಕರೆದಿದ್ದಾರೆ.